ಶೂನೇಮಿನ ಹೆಂಗಸಿನ ಉಳಿದ ಕತೆ

ಮೊದಲು ಬೋರ್ಡು ಬಂದಿತು. ಎಂಟು ಅಡಿ ಉದ್ದದ ತಗಡಿನ ಬೋರ್ಡು. ಅದನ್ನು ಹೇರಿಕೊಂಡು ಬಂದ ಲಗೇಜು ಆಟೋದವನು, ಚನ್ನಗಿರಿಯ ಚರ್ಚಿನ ಹಿಂದುಗಡೆ ಇರುವ ಒಂಟಿ ಕೋಣೆಯ ಗೋಡೆಗೆ ಅದನ್ನು ಒರಗಿಸಿ, "ಅಮ್ಮಾ, ಬಣ್ಣ ಇನ್ನೂ ಹಸಿ ಐತೆ, ಕೋಳಿಗೀಳಿ ಹತ್ತದಂಗೆ ನೋಡ್ಕೊಳ್ರಿ" ಎಂದು ಹೇಳಿ ಹೊರಟುಹೋದನು. ಆ ಕೋಣೆಯಲ್ಲಿ ವಾಸವಾಗಿದ್ದ ಜೀವರತ್ನಮ್ಮ ಕೈಯಲ್ಲಿದ್ದ ಕಸಪೊರಕೆಯನ್ನು ಕೆಳಗಿಟ್ಟು, ಹಳೆಯ ಸೀರೆಯೊಂದನ್ನು ತಂದು ಬೋರ್ಡಿಗೆ ಬಿಸಿಲು ತಾಗದಂತೆ ಮರೆಮಾಡಿದಳು. ಚರ್ಚಿಗೆ ಸೇರಿದ ಯಾವ ವಸ್ತು ಬಂದರೂ ಮೊದಲು ಅದನ್ನು ಜೋಪಾನ ಮಾಡುವುದು, ಅದು ಏನೆಂದು ಆಮೇಲೆ ನೋಡುವುದು ಆಕೆಯ ಪದ್ಧತಿಯಾಗಿತ್ತು.

ಏನೆಂದು ನೋಡುವ ಹೊತ್ತಿಗೆ ಪಕ್ಕದ ಓಣಿಯ ಅಂತರಘಟ್ಟಮ್ಮ ಬಂದಳು. ಇಬ್ಬರೂ ಅಡಿಕೆಯ ಕಾಲದಲ್ಲಿ ಒಂದೇ ಟ್ರ್ಯಾಕ್ಟರಿನಲ್ಲಿ ಬಸವಾಪಟ್ಟಣಕ್ಕೂ ಕತ್ತಲಗೆರೆಗೂ ಹೋಗಿ, ಎದುರುಬದುರು ಕುಳಿತು ಅಡಿಕೆ ಸುಲಿಯುವವರು. ಅಂತರಘಟ್ಟಮ್ಮನಿಗೆ ಓದು ಬಾರದು. ಆದರೆ ಓದಿದವರನ್ನು ಪ್ರಶ್ನೆ ಕೇಳುವ ಧೈರ್ಯ ಬಹಳ.

"ಏನಕ್ಕ ಇದು, ಇಷ್ಟುದ್ದ? ಯಾರ ಅಂಗ್ಡಿ?"

ಜೀವರತ್ನಮ್ಮ ಅಕ್ಷರದ ಮೇಲೆ ಬೆರಳನ್ನು ಜಾರಿಸುತ್ತಾ ಓದಿದಳು. "ಮಹಿಳಾ... ನಾಯಕತ್ವ... ತರಬೇತಿ ಕೇಂದ್ರ."

"ಹಂಗಂದ್ರೆ?"

"ಹೆಂಗಸ್ರು ಮುಂದೆ ನಿಂತು ಕೆಲಸ ನಡ್ಸಾಕೆ ಕಲಿಸೋ ಜಾಗ ಅಂತ ಕಾಣ್ತೈತೆ."

"ಕೆಳಗೆ ಸಣ್ಣದಾಗಿ ಏನೋ ಐತಲ್ಲ?"

"ಹೆಸರು. ಅಧ್ಯಕ್ಷರು, ಉಪಾಧ್ಯಕ್ಷರು, ಕಾರ್ಯದರ್ಶಿ... ಒಟ್ಟು ಏಳು ಜನ."

"ಅದ್ರಾಗೆ ಹೆಂಗಸ್ರು ಎಷ್ಟು?"

ಜೀವರತ್ನಮ್ಮ ಇನ್ನೊಮ್ಮೆ ಬೆರಳಿಟ್ಟು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಅವಸರದಲ್ಲಿ ಯಾರನ್ನಾದರೂ ಬಿಟ್ಟಿರಬಾರದಲ್ಲ. "ಇಲ್ಲ," ಎಂದಳು.

"ಹೆಂಗಸ್ರಿಗೆ ಇನ್ನೂ ತರಬೇತಿ ಆಗಿಲ್ವಲ್ಲ, ಅದಕ್ಕಿರಬೇಕು," ಎಂದು ಅಂತರಘಟ್ಟಮ್ಮ ಎಲೆಯಡಿಕೆ ಬಾಯಿಗೆ ಹಾಕಿಕೊಂಡಳು. "ಎಲ್ಲಿ ಕಟ್ತಾರಂತೆ ಇದನ್ನ?"

ಜೀವರತ್ನಮ್ಮ ಬೋರ್ಡನ್ನು ನೋಡಿದಳು. ಆಮೇಲೆ ತನ್ನ ಬಾಗಿಲ ಮೇಲಿನ ಗೋಡೆಯನ್ನು ನೋಡಿದಳು. ಹದಿನೈದು ದಿನದ ಹಿಂದೆ ಚರ್ಚಿನ ಸಭೆಯ ಹಿರಿಯರಾದ ಸಮಾಧಾನಪ್ಪನವರು ಟೇಪು ಹಿಡಿದುಕೊಂಡು ಬಂದು ಆ ಗೋಡೆಯ ಅಗಲವನ್ನು ಎರಡು ಸಲ ಅಳೆದು ಹೋಗಿದ್ದರು. ಬಾಗಿಲಿಗೆ ಮಳೆ ಎರಚದ ಹಾಗೆ ಸಜ್ಜಾ ಹಾಕಿಸುತ್ತಾರೆಂದು ಆಕೆ ಅವರಿಗೆ ಕಾಫಿ ಕಾಯಿಸಿ ಕೊಟ್ಟಿದ್ದಳು.

ಆ ಕೋಣೆಯ ಸಂಗತಿಯನ್ನು ಇಲ್ಲಿ ಹೇಳಬೇಕು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕೂ ಊರುಗಳ ಸಣ್ಣ ಸಣ್ಣ ಸಭೆಗಳಿಗೆ ಸೇರಿ ಇರುವುದು ಒಬ್ಬರೇ ಪಾದ್ರಿಗಳು. ಜನ ಅವರನ್ನು ಅಯ್ಯನವರು ಎನ್ನುತ್ತಾರೆ. ತಿಂಗಳಿಗೆ ಒಂದು ಊರಿಗೆ ಅವರದು ಒಂದು ಭಾನುವಾರ. ಉಳಿದ ಭಾನುವಾರಗಳಲ್ಲಿ ಆಯಾ ಊರಿನ ಹಿರಿಯರು ಆರಾಧನೆ ನಡೆಸಬೇಕು. ಮೂವತ್ತೈದು ವರ್ಷದ ಹಿಂದೆ ಇದ್ದ ಅಯ್ಯನವರು ಶನಿವಾರ ಸಂಜೆ ಬಸ್ಸಿನಲ್ಲಿ ಬಂದಿಳಿದು, ಚರ್ಚಿನೊಳಗೆ ಬೆಂಚಿನ ಮೇಲೆ ಮಲಗುತ್ತಿದ್ದರು. ಅವರಿಗೆ ಸೊಂಟನೋವು. ಜೀವರತ್ನಮ್ಮನ ಗಂಡ ಯೋಹಾನಪ್ಪ ಗಾರೆ ಕೆಲಸದವನು. ಅವನು ಬೇರೆಯವರ ಮನೆ ಕಟ್ಟಿ ಮಿಕ್ಕ ಕಲ್ಲು, ಮಿಕ್ಕ ಸಿಮೆಂಟು ಬೇಡಿ ತಂದನು; ಜೀವರತ್ನಮ್ಮ ನೀರು ಹೊತ್ತಳು, ಕಲ್ಲು ಹೊತ್ತಳು, ಗಾರೆ ಕಲಸಿದಳು. ಒಂದು ಬೇಸಿಗೆಯಲ್ಲಿ ಕೋಣೆ ಎದ್ದಿತು. ಅದರೊಳಗೆ ಒಂದು ಮಂಚ, ಒಂದು ಮೇಜು, ಒಂದು ಕುರ್ಚಿ, ಒಂದು ಲಾಟೀನು. ಅಯ್ಯನವರ ಸೊಂಟ ನೆಟ್ಟಗಾಯಿತು. ಹನ್ನೊಂದು ವರ್ಷ ಶನಿವಾರಗಳಲ್ಲಿ ಅವರು ಅಲ್ಲಿ ಮಲಗಿದರು. ಮುಂದೆ ಬಂದ ಅಯ್ಯನವರಿಗೆ ಮೋಟಾರುಸೈಕಲ್ಲು ಬಂದಿತು; ರಾತ್ರಿ ತಂಗುವ ಅಗತ್ಯ ತಪ್ಪಿತು. ಬೀಗ ಹಾಕಿದ ಕೋಣೆಗೆ ಗೆದ್ದಲು ಹತ್ತುತ್ತದೆಂದು, ಕೆರೆಯಂಗಳದ ಗುಡಿಸಲಿನಲ್ಲಿದ್ದ ಗಂಡಹೆಂಡಿರನ್ನೇ ಅಲ್ಲಿರಿಸಿದರು. ಕಾಗದಪತ್ರ ಯಾರೂ ಮಾಡಲಿಲ್ಲ. ದೇವರ ಮನೆಯಲ್ಲಿ ಕಾಗದವೇಕೆ ಎಂದು ಎಲ್ಲರೂ ಅಂದುಕೊಂಡರು. ಯೋಹಾನಪ್ಪ ತೀರಿಕೊಂಡು ಈಗ ಹದಿನೈದು ವರ್ಷ. ಮಕ್ಕಳಿಲ್ಲ.

ಅಂದಿನಿಂದ ಚರ್ಚಿನ ಬಾಗಿಲು ತೆರೆಯುವುದು, ಗುಡಿಸುವುದು, ಗಂಟೆ ಬಾರಿಸುವುದು, ಜಮಖಾನ ಹಾಸುವುದು, ಎಲ್ಲವೂ ಜೀವರತ್ನಮ್ಮನದು. ಹೆರಿಗೆಯಾದ ಮನೆಯಲ್ಲಿ ಎಣ್ಣೆನೀರಿಗೆ ಆಕೆ, ಸಾವಿನ ಮನೆಯಲ್ಲಿ ಹೆಣಕ್ಕೆ ನೀರು ಹಾಕಲು ಆಕೆ. ಸಮಾಧಾನಪ್ಪನವರು ಮೊಮ್ಮಗಳನ್ನು ನೋಡಲು ಮೈಸೂರಿಗೆ ಹೋದ ಭಾನುವಾರಗಳಲ್ಲಿ ಆಕೆಯೇ ಹಾಡು ಹೇಳಿಸಿ, ಬೈಬಲಿನ ಒಂದು ಕತೆ ಹೇಳಿ, ಪ್ರಾರ್ಥನೆ ಮಾಡಿ ಜನರನ್ನು ಕಳಿಸುತ್ತಿದ್ದಳು. ಅಂಥ ಭಾನುವಾರ ಮೂವತ್ತು ಜನ ಬಂದು ಹೋಗಿದ್ದರೂ ಸಭೆಯ ಪುಸ್ತಕದಲ್ಲಿ "ಈ ದಿನ ಆರಾಧನೆ ಇರಲಿಲ್ಲ" ಎಂದು ಬರೆಯಲಾಗುತ್ತಿತ್ತು. ಆ ಪುಸ್ತಕವನ್ನು ಒರೆಸಿ ಬೀರುವಿನಲ್ಲಿಡುವವಳೂ ಆಕೆಯೇ.

ಆಕೆಗೆ ಓದು ಬಂದ ಬಗೆ ವಿಚಿತ್ರವಾದದ್ದು. ಜಗಳೂರು ತಾಲ್ಲೂಕಿನ ಸೊಕ್ಕೆಯಲ್ಲಿ ಕುರಿ ಕಾಯುತ್ತಾ ಬೆಳೆದ ಹುಡುಗಿ. ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ. ಮೂವತ್ತು ವರ್ಷ ದಾಟಿದ ಮೇಲೆ ಅಯ್ಯನವರ ಹೆಂಡತಿ ಅಕ್ಷರ ಕಲಿಸಿದರು. ಕೈಯಲ್ಲಿ ಬೇರೆ ಪುಸ್ತಕವಿಲ್ಲದ ಕಾರಣ ಬೈಬಲಿನ ಮೊದಲನೆಯ ಪುಟವನ್ನೇ ತೆರೆದು, "ಇಲ್ಲಿಂದ ಶುರು ಮಾಡು, ಹಂಗೇ ಮುಂದಕ್ಕೆ ಹೋಗು" ಎಂದರು. ಅದಾದ ತಿಂಗಳಿಗೆ ಅವರಿಗೆ ವರ್ಗವಾಯಿತು. ಜೀವರತ್ನಮ್ಮ ಹೇಳಿದ ಹಾಗೆ ಮುಂದಕ್ಕೆ ಹೋದಳು. ದಿನಕ್ಕೆ ಒಂದು ಪುಟ. ಓದಿದವರಿಗೆ ಯಾವ ಅಧ್ಯಾಯ ಮುಖ್ಯ, ಯಾವುದನ್ನು ದಾಟಿ ಹೋಗಬಹುದು ಎಂಬುದು ಗೊತ್ತಿರುತ್ತದೆ. ಆಕೆಗೆ ಅದನ್ನು ಹೇಳಿಕೊಡುವವರಿರಲಿಲ್ಲ. ಆದುದರಿಂದ ವಂಶಾವಳಿಗಳನ್ನೂ, ಗುಡಾರದ ಅಳತೆಗಳನ್ನೂ, ಯಾರೂ ಉಪದೇಶ ಮಾಡದ ರಾಜರ ಜಗಳಗಳನ್ನೂ ಓದಿಕೊಂಡು ಹೋದಳು. ಕೊನೆಯ ಪುಟ ಮುಗಿದಾಗ ಮತ್ತೆ ಮೊದಲಿನಿಂದ. ಈಗ ನಡೆಯುತ್ತಿದ್ದದ್ದು ಎಂಟನೆಯ ಸುತ್ತು.

ಬೋರ್ಡು ಬಂದ ಮೂರನೆಯ ದಿನ ಸಮಾಧಾನಪ್ಪನವರು ಬಂದರು. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಕೆಟ್ಟವರಲ್ಲ, ಒಳ್ಳೆಯ ಕೆಲಸವನ್ನು ಕ್ರಮವಾಗಿ ಮಾಡಬೇಕೆಂಬ ಮನುಷ್ಯ. ಕ್ರಮ ಸರಿಯಿದ್ದರೆ ಕೆಲಸ ಒಳ್ಳೆಯದೇ ಆಗಿರುತ್ತದೆಂದು ಅವರ ನಂಬಿಕೆ.

"ರತ್ನಮ್ಮಾರೆ, ಶುಭಸಮಾಚಾರ ಐತೆ," ಎಂದು ಕಟ್ಟೆಯ ಮೇಲೆ ಕುಳಿತರು. "ನಮ್ಮ ಸಭೆಗಳ ಮೇಲಿನ ಕಚೇರಿಯಿಂದ ನಾಲ್ಕು ಊರಿಗೆ ಸೇರಿ ಒಂದು ಮಹಿಳಾ ಕೇಂದ್ರ ಮಂಜೂರಾಗೈತೆ. ಹೆಂಗಸರು ಮುಂದೆ ಬರಬೇಕು. ಎಷ್ಟು ದಿನ ಹಿಂದೆ ಇರೋದು?"

"ಒಳ್ಳೇದಾಯ್ತಲ್ಲ ಸಾರ್."

"ಅದಕ್ಕೆ ಒಂದು ರೂಮು ಬೇಕು."

"ಹೌದು ಸಾರ್, ಬೇಕಲ್ಲ."

"ನಮ್ಮತ್ರ ಇರಾದು ಇದೊಂದೇ ರೂಮು."

ಸಮಾಧಾನಪ್ಪನವರು ಸೊಕ್ಕೆಯಲ್ಲಿರುವ ಆಕೆಯ ತಮ್ಮನ ಮಗ ಮಂಜುನಾಥನಿಗೆ ತಾವೇ ಫೋನು ಮಾಡಿ ಮಾತಾಡಿದ್ದನ್ನೂ, ಅವನು "ಬರ್ಲಿ ಬಿಡ್ರಿ ಸಾರ್, ಗೊಬ್ಬರದ ಚೀಲ ಇಡೋ ಕಡೆ ಒಂದು ಮೂಲೆ ಐತೆ" ಎಂದು ಒಪ್ಪಿಕೊಂಡದ್ದನ್ನೂ, ಮಹಿಳಾ ಭಾನುವಾರದ ಮರುದಿನ ಸೋಮವಾರಕ್ಕೇ ಗಾಡಿ ಗೊತ್ತುಮಾಡಿರುವುದನ್ನೂ ಒಂದರ ಹಿಂದೆ ಒಂದರಂತೆ ಹೇಳಿದರು. ಆಕೆಯನ್ನು ಕೇಳುವುದೊಂದನ್ನು ಬಿಟ್ಟು ಎಲ್ಲವನ್ನೂ ಕ್ರಮವಾಗಿ ಮಾಡಿದ್ದರು.

"ಮಹಿಳಾ ಭಾನುವಾರಕ್ಕೆ ಈ ಸಲ ನಾಲ್ಕೂ ಊರಿನ ಹೆಂಗಸರು ಇಲ್ಲಿಗೇ ಬರ್ತಾರೆ. ಮೇಲಿನ ಕಚೇರಿ ಮೇಡಂನೂ ಬರ್ತಾರೆ. 'ಬೈಬಲಿನ ಸ್ತ್ರೀಯರಿಂದ ವಿಶ್ವಾಸ ಮತ್ತು ನಾಯಕತ್ವದ ಪಾಠಗಳು' ಅಂತ ಕಾರ್ಯಕ್ರಮ. ಒಬ್ಬೊಬ್ಬರು ಒಂದೊಂದು ವೇಷ ಹಾಕಿ ಬರೋದು. ನಿಮಗೂ ಒಂದು ಪಾತ್ರ ಇಟ್ಟೀವಿ. ಶೂನೇಮಿನ ಹೆಂಗಸು. ಗೊತ್ತಲ್ಲ?"

"ಗೊತ್ತು ಸಾರ್. ಎಲೀಷ ಪ್ರವಾದಿಗೆ ರೂಮು ಕಟ್ಟಿಸಿಕೊಟ್ಟೋಳು."

"ಅದೇ. ಮಂಚ, ಮೇಜು, ಕುರ್ಚಿ, ದೀಪ ಇಟ್ಟು ರೂಮು ಬಿಟ್ಟುಕೊಟ್ಟಳು. ಎಂಥಾ ತ್ಯಾಗ ನೋಡ್ರಿ. ನೀವೂ ಕೊನೇಲಿ ಈ ರೂಮಿನ ಬೀಗದಕೈಯನ್ನ ಕಾಣಿಕೆ ತಟ್ಟೇಲಿಟ್ಟು, 'ನಾನೂ ಮನಸಾರೆ ಬಿಟ್ಟುಕೊಟ್ಟೆ' ಅಂತ ನಾಲ್ಕು ಮಾತು ಸಾಕ್ಷಿ ಹೇಳಿದ್ರೆ, ಎಲ್ಲರ ಕಣ್ಣಲ್ಲೂ ನೀರು ಬರ್ತೈತೆ. ಮಂಚ ಕುರ್ಚಿ ಹೆಂಗೂ ನಿಮ್ಮವೇ ಅವಲ್ಲ, ಅವನ್ನೇ ವೇದಿಕೆಗೆ ತರ್ಸಿದ್ರಾಯ್ತು. ರೂಮೂ ಖಾಲಿಯಾಗ್ತೈತೆ, ನಾಟಕಾನೂ ಆಗ್ತೈತೆ. ಎರಡು ಸಲ ಹೊರೋ ಕೆಲಸ ಉಳೀತು."

ಅವರು ಹೋದ ಮೇಲೆ ಅಂತರಘಟ್ಟಮ್ಮ ಮಾತು ತೆಗೆದಳು. ಗೋಡೆಯ ಆಚೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಹೆಂಗಸ್ರಿಗೆ ಮುಂದೆ ನಿಲ್ಲಾಕೆ ಜಾಗ ಬೇಕು ಅಂತ, ಇರೋ ಒಬ್ಬ ಹೆಂಗಸನ್ನ ಎಬ್ಬಿಸ್ತಾರಾ? ಒಳ್ಳೆ ತರಬೇತಿ."

"ರೂಮು ಸಭೇದು, ಘಟ್ಟಮ್ಮ. ನಂದಲ್ಲ."

"ಕಲ್ಲು ಹೊತ್ತಿದ್ದು ಯಾರ ತಲೆ?"

"ಅಯ್ಯನೋರಿಗೆ ಅಂತ ಹೊತ್ತೆ. ಕೊಟ್ಟಾಗಿತ್ತು. ಆಮೇಲೆ ಅವರೇ ನಮ್ಮನ್ನ ಇರು ಅಂದ್ರು."

"ಮತ್ತೆ ಈಗ?"

ಕೊಡುವುದು ಜೀವರತ್ನಮ್ಮನಿಗೆ ಕಷ್ಟವಾಗಿರಲಿಲ್ಲ. ಜೀವಮಾನವೆಲ್ಲ ಕೊಟ್ಟೇ ಅಭ್ಯಾಸ. ಹೋಗು ಎಂದಿದ್ದರೆ ಅತ್ತುಕೊಂಡು ಹೋಗಿಬಿಡುತ್ತಿದ್ದಳು. ಆಕೆ ಒಪ್ಪಲಾರದೆ ಹೋದದ್ದು ಆ ಸಾಕ್ಷಿಯ ಮಾತು. ತನ್ನನ್ನು ಕೇಳದೆ ತೆಗೆದುಕೊಂಡದ್ದನ್ನು, ನಾನೇ ಮನಸಾರೆ ಕೊಟ್ಟೆನೆಂದು ದೇವರ ಮುಂದೆ, ನಾಲ್ಕು ಊರಿನ ಜನರ ಮುಂದೆ ಹೇಳಬೇಕು. ಅದು ಸುಳ್ಳು. ಸೊಕ್ಕೆಯ ಗೊಬ್ಬರದ ಮೂಲೆಗಿಂತ ಆ ಸುಳ್ಳಿಗೇ ಆಕೆ ಹೆಚ್ಚು ಹೆದರಿದಳು.

ಮರುದಿನದಿಂದ ಆಕೆ ಶೂನೇಮಿನ ಹೆಂಗಸನ್ನು ಹುಡುಕಲು ಕುಳಿತಳು. ಅಧ್ಯಾಯದ ಅಂಕಿ ಹೇಳಿದರೆ ಥಟ್ಟನೆ ತೆರೆಯುವ ವಿದ್ಯೆ ಆಕೆಗಿರಲಿಲ್ಲ. ಗುರುತಿನ ದಾರ ಇದ್ದ ಜಾಗದಿಂದ ಒಂದೊಂದೇ ಪುಟ ಹಿಂದಕ್ಕೆ ತಿರುಗಿಸಿದಳು. ಎರಡು ದಿನ ಹಿಡಿಯಿತು. ಎರಡನೆಯ ಅರಸುಗಳ ಪುಸ್ತಕದ ನಾಲ್ಕನೆಯ ಅಧ್ಯಾಯದಲ್ಲಿ ಮಂಚವೂ ಮೇಜೂ ಸಿಕ್ಕವು. ಆದರೆ ಹಿಂದಿನಿಂದ ಬಂದದ್ದರಿಂದ ಅದಕ್ಕೂ ಮೊದಲು ಎಂಟನೆಯ ಅಧ್ಯಾಯ ಸಿಕ್ಕಿತ್ತು. ಅದನ್ನು ಓದಿ, ದಾರವನ್ನು ಅಲ್ಲಿಟ್ಟಳು.

ನಾಟಕದ ಅಭ್ಯಾಸದ ಹೊಣೆ ಸಮಾಧಾನಪ್ಪನವರ ಹೆಂಡತಿ ಗ್ಲಾಡಿಸಮ್ಮನವರದು. ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ವಿಜ್ಞಾನ ಹೇಳಿದವರು. ಡ್ರಾಯಿಂಗ್ ಹಾಳೆಯ ಮೇಲೆ ಎಡಗಡೆ ಸ್ತ್ರೀಯ ಹೆಸರು, ಬಲಗಡೆ ಪಾಠ ಎಂದು ಪಟ್ಟಿ ಮಾಡಿದ್ದರು. ದೆಬೋರಳಿಗೆ ಧೈರ್ಯ, ರೂತಳಿಗೆ ನಿಷ್ಠೆ, ಹನ್ನಳಿಗೆ ಪ್ರಾರ್ಥನೆ, ಎಸ್ತೇರಳಿಗೆ ಜಾಣ್ಮೆ. ಎಸ್ತೇರ್ ರಾಣಿಯಾಗಲು ಒಂಬತ್ತು ಜನ ಕೈ ಎತ್ತಿದರು. ರೇಷ್ಮೆ ಸೀರೆ ಉಡುವ ಅವಕಾಶ ಅದೊಂದರಲ್ಲೇ ಇತ್ತು. ಕೊನೆಗೆ ನ್ಯಾಯವಾಗಿ ಯೋಚಿಸಿ ಗ್ಲಾಡಿಸಮ್ಮನವರು ಆ ಪಾತ್ರವನ್ನು ತಾವೇ ವಹಿಸಿಕೊಂಡರು. ಎಸ್ತೇರಳಿಗೆ ಒಬ್ಬ ರಾಜ ಬೇಕಾಯಿತು. ಹೆಂಗಸೊಬ್ಬಳು ಮೀಸೆ ಹಚ್ಚಿಕೊಂಡರೆ ಆರಾಧನೆಯ ಗಾಂಭೀರ್ಯ ಕೆಡುತ್ತದೆಂದು ಸಮಾಧಾನಪ್ಪನವರು ಮುಂದೆ ಬಂದರು. ಮಹಿಳೆಯರೇ ನಡೆಸುವ ಆ ಕಾರ್ಯಕ್ರಮದಲ್ಲಿ ಹೀಗೆ ಅಧ್ಯಕ್ಷತೆ, ಸ್ವಾಗತ, ವಂದನಾರ್ಪಣೆಗಳ ಜೊತೆಗೆ ರಾಜತ್ವವೂ ಗಂಡಸರ ಪಾಲಿಗೆ ಬಂದಿತು.

"ರತ್ನಮ್ಮ, ನಿಮ್ಮ ಪಾಠ ಅತಿಥಿಸತ್ಕಾರ," ಎಂದರು ಗ್ಲಾಡಿಸಮ್ಮನವರು. "ಮೂರು ನಿಮಿಷ."

"ಮೇಡಂ, ಆಕಿ ಕತೆ ಅಲ್ಲಿಗೆ ಮುಗಿಯಂಗಿಲ್ಲ. ಮುಂದೆ ಇನ್ನೊಂದು ಕಡೆ ಐತೆ."

"ಮಗ ಸತ್ತು ಬದುಕಿದ್ದಾ? ಅದನ್ನ ಸೇರಿಸಿದ್ರೆ ಉದ್ದ ಆಗ್ತೈತೆ."

"ಅದಲ್ಲ ಮೇಡಂ. ಅದ್ರ ಮುಂದೆ."

ಅಷ್ಟರಲ್ಲಿ ನ್ಯಾಮತಿಯ ಗುಂಪಿನವರು, ದೆಬೋರಳು ಕೆಳಗೆ ಕುಳಿತು ನ್ಯಾಯ ಹೇಳಲು ಖರ್ಜೂರದ ಮರ ಎಲ್ಲಿಂದ ತರುವುದು, ಅಡಿಕೆ ಸಸಿ ನಡೆಯುತ್ತದೆಯೇ ಎಂದು ಫೋನು ಮಾಡಿದರು. ಗ್ಲಾಡಿಸಮ್ಮನವರು ಫೋನಿನ ಮೇಲೆ ಕೈಯಿಟ್ಟು, "ಬೈಬಲಿನಾಗೆ ಇರೋದನ್ನ ಹೇಳಾಕೆ ನನ್ನ ಅಪ್ಪಣೆ ಯಾಕೆ ರತ್ನಮ್ಮ? ಮೂರು ನಿಮಿಷದಾಗೆ ಮುಗಿಸ್ರಿ, ಸಾಕು," ಎಂದರು.

ಅಪ್ಪಣೆಯಾಯಿತೆಂದು ಜೀವರತ್ನಮ್ಮ ತಲೆಯಾಡಿಸಿದಳು.

ಆ ಭಾನುವಾರ ಚರ್ಚು ತುಂಬಿತ್ತು. ಜಗಳೂರಿನವರು ಬೆಳಿಗ್ಗೆ ಐದಕ್ಕೇ ಹೊರಟು ಟೆಂಪೋದಲ್ಲಿ ಬಂದಿದ್ದರು. ಹೊನ್ನಾಳಿಯ ರೂತಳು ತೆನೆ ಆಯುವ ದೃಶ್ಯಕ್ಕೆಂದು ನಿಜವಾದ ಭತ್ತದ ತೆನೆಯನ್ನೇ ಹೊತ್ತು ತಂದಿದ್ದಳು. ಒಳಗೆಲ್ಲ ಹೊಟ್ಟು ಉದುರಿತು. ಗುಡಿಸುವವಳು ಆ ಹೊತ್ತಿಗೆ ವೇಷದಲ್ಲಿದ್ದದ್ದರಿಂದ ಅದು ಹಾಗೆಯೇ ಉಳಿಯಿತು. ಮುಂದಿನ ಸಾಲಿನಲ್ಲಿ ಅಯ್ಯನವರಾದ ಜಯಶೀಲರು, ಅವರ ಪಕ್ಕದಲ್ಲಿ ಮೇಲಿನ ಕಚೇರಿಯ ಮೇಡಂ, ತೊಡೆಯ ಮೇಲೆ ಒಂದು ಡೈರಿ. ಕಿಟಕಿಯ ಹೊರಗೆ ಅಂತರಘಟ್ಟಮ್ಮ ಕೈಕಟ್ಟಿ ನಿಂತಿದ್ದಳು.

ದೆಬೋರಳು ಅಡಿಕೆ ಸಸಿಯ ಕೆಳಗೆ ನ್ಯಾಯ ಹೇಳಿದಳು. ಎಸ್ತೇರ್ ರಾಣಿ ಮೈಸೂರು ರೇಷ್ಮೆಯಲ್ಲಿ ಬಂದು ರಾಜನ ಮುಂದೆ ಮೊಣಕಾಲೂರಿದಳು. ರಾಜರು ಹಿತ್ತಾಳೆಯ ಕೋಲನ್ನು ಚಾಚಿ ಪ್ರಸನ್ನರಾದರು. ಮನೆಯಲ್ಲಿ ಆ ದೃಶ್ಯ ತಿರುವುಮುರುವಾಗಿ ನಡೆಯುವುದನ್ನು ಬಲ್ಲವರು ಬಾಯಿಗೆ ಸೆರಗು ಒತ್ತಿಕೊಂಡರು. ರಾಣಿ ಇಳಿದು ಹೋದಳು. ರಾಜರು ಇಳಿಯಲಿಲ್ಲ. ಅವರಿಗೆ ಮಂಡಿನೋವು, ಹತ್ತಿ ಇಳಿಯುವುದು ಕಷ್ಟ. ಅದಲ್ಲದೆ ಹೊಳೆಯುವ ಕಾಗದದ ಕಿರೀಟ ಅವರಿಗೆ ಚೆನ್ನಾಗಿ ಒಪ್ಪಿತ್ತು. ಹೇಗೂ ಮುಂದಿನದು ಬೀಗದಕೈ ಒಪ್ಪಿಸುವ ದೃಶ್ಯ. ಪಡೆದುಕೊಳ್ಳಲು ಒಬ್ಬರು ಬೇಕಲ್ಲ ಎಂದು ಕುರ್ಚಿಯಲ್ಲೇ ಕುಳಿತರು.

ನಾಲ್ವರು ಹೆಂಗಸರು ಜೀವರತ್ನಮ್ಮನ ಕೋಣೆಯಿಂದ ಮಂಚವನ್ನು ಹೊತ್ತು ತಂದರು. ಅದರ ಹಿಂದೆ ಮೇಜು, ಕುರ್ಚಿ, ಲಾಟೀನು. ಇಷ್ಟೇ ಆಕೆಯ ಸಂಸಾರ ಎಂಬುದು ಎಲ್ಲರಿಗೂ ಒಂದೇ ನೋಟಕ್ಕೆ ಕಂಡಿತು. ಜೀವರತ್ನಮ್ಮ ಬಿಳಿ ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದು ಬಂದು ನಿಂತಳು.

"ನಾನು ಶೂನೇಮ್ ಅನ್ನೋ ಊರಿನಾಕಿ," ಎಂದಳು. "ಹೆಸರಿಲ್ಲ. ಬೈಬಲಿನಾಗೆ ಬರೆದಿಲ್ಲ. ದೇವರ ಮನುಷ್ಯರು ನಮ್ಮೂರ ಮೇಲೆ ಹಾದು ಹೋಗೋರು. ಮಲಗಾಕೆ ಜಾಗ ಇರ್ಲಿಲ್ಲ. ನಾನೂ ನಮ್ಮ ಮನೆಯೋರೂ ಸೇರಿ ಒಂದು ರೂಮು ಕಟ್ಟಿಸಿದ್ವಿ. ಮಂಚ ಹಾಕಿದ್ವಿ, ಮೇಜು, ಕುರ್ಚಿ, ದೀಪ ಇಟ್ವಿ. ಅವರು ಬಂದು ಮಲಗಿದ್ರು."

ಗ್ಲಾಡಿಸಮ್ಮನವರು ಬದಿಯಿಂದ, "ಪಾಠ: ಅತಿಥಿಸತ್ಕಾರ" ಎಂದು ಗಟ್ಟಿಯಾಗಿ ಓದಿದರು. ಚಪ್ಪಾಳೆಯಾಯಿತು. ರಾಜರು ಕಾಣಿಕೆಯ ತಟ್ಟೆಯನ್ನು ಮುಂದಕ್ಕೆ ಚಾಚಿದರು. ಜೀವರತ್ನಮ್ಮ ಸೊಂಟದಿಂದ ಬೀಗದಕೈಯನ್ನು ತೆಗೆದಳು. ತೆಗೆದು, ಕೈಯಲ್ಲೇ ಹಿಡಿದುಕೊಂಡಳು.

"ಇನ್ನೂ ಐತೆ," ಎಂದಳು.

ರಾಜರ ಕೈಯ ತಟ್ಟೆ ಗಾಳಿಯಲ್ಲೇ ನಿಂತಿತು.

"ಆಮೇಲೆ ಬರ ಬಂತು. ದೇವರ ಮನುಷ್ಯರೇ ಹೇಳಿದ್ರು, ಎಲ್ಲಾದ್ರೂ ಹೋಗಿ ಬದುಕಿಕೋ ಅಂತ. ಏಳು ವರ್ಷ ಬೇರೆ ಸೀಮೆಗೆ ಹೋಗಿ ಬಂದೆ. ಬಂದು ನೋಡಿದ್ರೆ ನನ್ನ ಮನೆ ನಂದಾಗಿ ಉಳಿದಿರ್ಲಿಲ್ಲ. ನಾನು ಅಳ್ತಾ ಕೂರ್ಲಿಲ್ಲ. ಯಾರ ಮನಸ್ಸಿಗೂ ಬೇಜಾರಾಗಬಾರ್ದು ಅಂತ ಮೂಲೆ ಹುಡುಕ್ಕೊಂಡು ಹೋಗ್ಲಿಲ್ಲ. ಸೀದಾ ರಾಜನ ಹತ್ರ ಹೋದೆ."

ಹೀಗೆಂದು ಆಕೆ ತಿರುಗಿ ಮೂರು ಹೆಜ್ಜೆ ನಡೆದು, ಕಿರೀಟ ತೊಟ್ಟು ಕುಳಿತಿದ್ದ ಸಮಾಧಾನಪ್ಪನವರ ಎದುರಿಗೆ ನಿಂತಳು.

"ರಾಜರೇ, ನನ್ನ ಮನೆ ನನಗೆ ಬಿಡಿಸಿಕೊಡ್ರಿ."

ರಾಜರು ರಾಣಿಯ ಕಡೆ ನೋಡಿದರು. ರಾಣಿ ತಮ್ಮ ಕೈಯಲ್ಲಿದ್ದ ಹಾಳೆಯನ್ನು ನೋಡಿದರು. ಹಾಳೆಯನ್ನು ತಿರುವಿ ಹಿಂಬದಿಯನ್ನೂ ನೋಡಿದರು.

"ಇದು ಎಲ್ಲೈತೆ?" ಎಂದು ರಾಜರು ಪಿಸುಗುಟ್ಟಿದರು.

"ಎರಡನೇ ಅರಸುಗಳು ಎಂಟು, ಸಾರ್," ಎಂದು ಜೀವರತ್ನಮ್ಮನೂ ಮೆಲ್ಲಗೆ ಹೇಳಿದಳು. "ದಾರ ಇಟ್ಟೀನಿ."

ಮುಂದಿನ ಸಾಲಿನಲ್ಲಿ ಅಯ್ಯನವರು ಅಷ್ಟರಲ್ಲಿ ತಮ್ಮ ಬೈಬಲನ್ನು ತೆರೆದಿದ್ದರು. ಓದುತ್ತಾ ಓದುತ್ತಾ ಅವರ ಹುಬ್ಬು ಮೇಲಕ್ಕೇರಿತು. ಹದಿನಾಲ್ಕು ವರ್ಷ ಉಪದೇಶ ಮಾಡಿದ್ದರೂ ಆ ಪುಟಕ್ಕೆ ಅವರು ಬಂದದ್ದು ಅಪರೂಪ.

ಜಗಳೂರಿನ ಗುಂಪಿನಿಂದ ಒಬ್ಬ ಮುದುಕಿ ಕೇಳಿದಳು: "ರಾಜ ಏನಂದ್ನಂತೆ? ಹೇಳ್ರಲ್ಲ, ಟೆಂಪೋ ಹೊರಡೋ ಹೊತ್ತಾಯ್ತು."

ಸಮಾಧಾನಪ್ಪನವರು ಮೂವತ್ತಾರು ವರ್ಷ ಸರ್ಕಾರಿ ಕೆಲಸ ಮಾಡಿದವರು. ಎದುರಿಗೆ ಅರ್ಜಿದಾರರು ನಿಂತಾಗ ಏನು ಹೇಳಬೇಕೆಂಬುದು ಅವರ ರಕ್ತದಲ್ಲಿತ್ತು. ಅವರು ಕೋಲನ್ನು ನೆಟ್ಟಗೆ ಹಿಡಿದು, "ಪರಿಶೀಲಿಸಲಾಗುವುದು," ಎಂದರು.

ಚರ್ಚಿನಲ್ಲಿ ಅಂಥ ನಗೆ ಅದುವರೆಗೆ ಎದ್ದಿರಲಿಲ್ಲ. ಅಯ್ಯನವರು ಎದ್ದು ನಿಂತರು. ಅವರೂ ನಗುತ್ತಿದ್ದರು, ಆದರೆ ಬೆರಳು ಮಾತ್ರ ವಾಕ್ಯದ ಮೇಲೇ ಇತ್ತು.

"ಬೈಬಲಿನಾಗೆ ಹಂಗಿಲ್ಲ, ರಾಜರೇ. ಆಕೆ ಕೇಳಿದ ಕೂಡ್ಲೇ ರಾಜ ಒಬ್ಬ ಅಧಿಕಾರೀನ ಕರೆದು, ಆಕೇದು ಏನೇನೈತೋ ಎಲ್ಲಾ ವಾಪಸ್ ಕೊಡಿಸು ಅಂದ. ಆಕೆ ಊರು ಬಿಟ್ಟಾಗಿನಿಂದ ಹೊಲದಾಗೆ ಬೆಳೆದದ್ದನ್ನೂ ಸೇರಿಸಿ ಕೊಡಿಸು ಅಂದ. ನಿಮ್ಮ ಮಾತು ಇನ್ನೂ ಬಾಕಿ ಐತೆ."

ಸಮಾಧಾನಪ್ಪನವರು ಬೆವರೊರೆಸಿಕೊಂಡರು. ಕಿರೀಟದ ಅಂಚಿನ ಬಣ್ಣ ಹಣೆಗೆ ಹತ್ತಿತು. ಅವರು ಎದುರಿಗೆ ನೋಡಿದರು. ಮಂಚ, ಮೇಜು, ಕುರ್ಚಿ, ಲಾಟೀನು. ಬೀಗದಕೈ ಹಿಡಿದು ನಿಂತ ಹೆಂಗಸು. ಅವರ ತಾಯಿ ತೀರಿಕೊಂಡ ದಿನ ನೀರು ಹಾಕಿದ ಕೈ ಅದು. ಅದು ಅವರಿಗೆ ಆಗ ನೆನಪಾಯಿತೋ, ಬೈಬಲಿನಲ್ಲಿ ಅಚ್ಚಾದದ್ದನ್ನು ಮೀರುವುದು ಕ್ರಮವಲ್ಲವೆಂದು ತೋರಿತೋ, ಹೇಳುವುದು ಕಷ್ಟ.

"ಕೊಡಿಸಿ," ಎಂದರು. ತಟ್ಟೆಯನ್ನು ಕೆಳಗಿಟ್ಟು, "ಎಲ್ಲಾನೂ," ಎಂದು ಸೇರಿಸಿದರು.

ಜೀವರತ್ನಮ್ಮ ಬೀಗದಕೈಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡು, ರಾಜರಿಗೆ ನಮಸ್ಕಾರ ಮಾಡಿ, ಗೋಡೆಯ ಗಡಿಯಾರವನ್ನು ನೋಡಿದಳು. ಮೂರು ನಿಮಿಷಕ್ಕೆ ಎರಡು ನಿಮಿಷ ಹೆಚ್ಚಾಗಿತ್ತು. "ತಪ್ಪಾಯ್ತು ಮೇಡಂ," ಎಂದು ಗ್ಲಾಡಿಸಮ್ಮನವರಿಗೆ ಹೇಳಿ ಕೆಳಗಿಳಿದಳು.

ಇಷ್ಟರಲ್ಲಿ ಎಲ್ಲರಿಗಿಂತ ಹೆಚ್ಚು ಚಪ್ಪಾಳೆ ತಟ್ಟಿದವರು ಮೇಲಿನ ಕಚೇರಿಯ ಮೇಡಂ. ಅವರಿಗೆ ಬೋರ್ಡಿನ ಸಂಗತಿಯಾಗಲಿ, ಸೊಕ್ಕೆಯ ಮೂಲೆಯ ಸಂಗತಿಯಾಗಲಿ ತಿಳಿದಿರಲಿಲ್ಲ. ಇದೆಲ್ಲವೂ ಬಹಳ ದಿನ ಅಭ್ಯಾಸ ಮಾಡಿಸಿದ ನಾಟಕವೆಂದೇ ತಿಳಿದು ಸಮಾಧಾನಪ್ಪನವರ ಕೈ ಕುಲುಕಿದರು. "ಎಷ್ಟು ಕಡೆ ಹೋಗೀನಿ, ಸರ್, ಎಲ್ಲಾ ಕಡೆ ಅದೇ ಎಸ್ತೇರ್, ಅದೇ ರೂತ್. ಕೇಳಿ ಪಡೆಯೋದೂ ನಾಯಕತ್ವ ಅಂತ ತೋರಿಸಿದ್ದು ನೀವೊಬ್ಬರೇ. ಈ ಯೋಚನೆ ಯಾರದು?"

ಸಮಾಧಾನಪ್ಪನವರು ಕಿರೀಟವನ್ನು ಸರಿಮಾಡಿಕೊಂಡು, "ಪಾತ್ರ ಹಂಚಿದ್ದು ನಾನೇ," ಎಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

"ಈಕೆ ಇಲ್ಲೇ ಇರ್ತಾರಾ?"

"ಹಿಂದಿನ ರೂಮಿನಾಗೆ," ಎಂದರು ಅಯ್ಯನವರು, ಸಮಾಧಾನಪ್ಪನವರು ಬಾಯಿ ತೆರೆಯುವ ಮೊದಲೇ. ಮೇಡಂ ಡೈರಿಯಲ್ಲಿ ಬರೆದುಕೊಂಡರು: ಕೇಂದ್ರದಲ್ಲಿಯೇ ವಾಸವಾಗಿರುವ ಅನುಭವಿ ಸಂಚಾಲಕಿ ಇದ್ದಾರೆ, ವ್ಯವಸ್ಥೆ ಮಾದರಿಯಾಗಿದೆ. ತಿಂಗಳೊಳಗೆ ಅದು ಟೈಪಾಗಿ ಮೊಹರು ಬಿದ್ದು ಸಮಾಧಾನಪ್ಪನವರ ಮನೆಗೇ ಬಂದಿತು. ಮೊಹರು ಬಿದ್ದ ಕಾಗದವನ್ನು ಅವರು ಜೀವಮಾನದಲ್ಲಿ ಎಂದೂ ಪ್ರಶ್ನಿಸಿದವರಲ್ಲ. ಅದನ್ನು ಎರಡು ಸಲ ಓದಿ, ಮಂಜುನಾಥನಿಗೆ ಫೋನು ಮಾಡಿ, ನಿನ್ನ ಗೊಬ್ಬರದ ಚೀಲ ಅಲ್ಲೇ ಇರಲೆಂದು ಹೇಳಿದರು.

ಸೋಮವಾರದ ಗಾಡಿ ಸದ್ಯಕ್ಕೆ ಬೇಡವೆಂದು ಆ ಭಾನುವಾರವೇ ತೀರ್ಮಾನವಾಯಿತು; ಊಟವಾದ ಮೇಲೆ ಮಂಚವನ್ನು ವಾಪಸು ಹೊರುವ ಪ್ರಶ್ನೆ ಬಂದಿತು. ಹೊತ್ತು ತಂದ ಹೆಂಗಸರು ಎಲೆ ಎತ್ತುತ್ತಿದ್ದರು. ಹಾಗಾಗಿ ಗಂಡಸರು ಹೊರಬೇಕಾಯಿತು. ಮುಂದಿನ ಎರಡು ಕಾಲನ್ನು ಅಯ್ಯನವರೂ ನ್ಯಾಮತಿಯ ಹಿರಿಯರೂ ಹಿಡಿದರು. ಹಿಂದಿನದನ್ನು ಹೊನ್ನಾಳಿಯ ಹಿರಿಯರೂ ಸಮಾಧಾನಪ್ಪನವರೂ ಹಿಡಿದರು. ಅವರು ಕಿರೀಟ ತೆಗೆಯುವುದನ್ನು ಮರೆತಿದ್ದರು.

ಅಂತರಘಟ್ಟಮ್ಮ ದಾರಿ ಬಿಟ್ಟು ನಿಂತು ನೋಡಿದಳು. "ಅಕ್ಕ, ನಿಮ್ಮ ಕಡೆ ರಾಜರು ಮಂಚಾನೂ ಹೊರ್ತಾರಾ?"

"ಸುಮ್ನಿರು," ಎಂದಳು ಜೀವರತ್ನಮ್ಮ. "ಬಾಗಿಲ ಹತ್ರ ಬಗ್ರಿ ಸಾರ್, ಚೌಕಟ್ಟು ಗಿಡ್ಡ. ನಮ್ಮ ಮನೆಯೋರು ತಮ್ಮ ಅಳತೆಗೆ ಇಟ್ಟಿದ್ದು."

ಬೋರ್ಡನ್ನು ಮರುವಾರ ಆ ಬಾಗಿಲ ಮೇಲೆಯೇ ಹೊಡೆದರು. ಅಷ್ಟು ಖರ್ಚು ಮಾಡಿ ಬರೆಸಿದ್ದನ್ನು ಬಿಸಾಡಲಾಗದು. ಅದರಿಂದ ಒಂದು ಉಪಕಾರವಾಯಿತು: ಅರ್ಧ ಅಡಿ ಮುಂದಕ್ಕೆ ಚಾಚಿಕೊಂಡದ್ದರಿಂದ ಬಾಗಿಲಿಗೆ ಮಳೆ ಎರಚುವುದು ನಿಂತಿತು. ಏಳು ಜನ ಗಂಡಸರ ಹೆಸರಿನ ಕೆಳಗೆ ಜೀವರತ್ನಮ್ಮ ಈಗಲೂ ಮೊರದಲ್ಲಿ ಅಕ್ಕಿ ಆರಿಸುತ್ತಾ ಕೂರುತ್ತಾಳೆ. ತರಬೇತಿ ಇನ್ನೂ ಆರಂಭವಾಗಿಲ್ಲ. ತರಬೇತಿ ಕೊಡುವವರ ಆಯ್ಕೆಗೆ ಒಂದು ಉಪಸಮಿತಿ ಆಗಿದೆಯಂತೆ. ಆಕೆ ಆರಾಧನೆ ನಡೆಸಿದ ಭಾನುವಾರಗಳಲ್ಲಿ ಸಭೆಯ ಪುಸ್ತಕದಲ್ಲಿ "ಆರಾಧನೆ ನಡೆಯಿತು" ಎಂದು ಬರೆಯುತ್ತಾರೆ; ನಡೆಸಿದವರ ಹೆಸರಿನ ಕಡೆ ಖಾಲಿ ಬಿಡುತ್ತಾರೆ.

ಈ ವರ್ಷದ ಮಹಿಳಾ ಭಾನುವಾರಕ್ಕೆ ಒಂದು ತಿಂಗಳಿರುವಾಗ ಸಮಾಧಾನಪ್ಪನವರು ಪಾತ್ರಗಳ ಪಟ್ಟಿಯನ್ನು ಹಿಡಿದುಕೊಂಡು ಬಂದು ಕಟ್ಟೆಯ ಮೇಲೆ ಕುಳಿತರು. ಕೈಯಲ್ಲಿ ಬೈಬಲೂ ಇತ್ತು. ಅದರಲ್ಲಿ ಅಲ್ಲಲ್ಲಿ ಕಾಗದದ ಚೂರುಗಳು. ಬಹಳ ಹೊತ್ತು ಮಳೆ, ಬಿಸಿಲು, ಅಡಿಕೆಯ ಮಾತಾಡಿದರು. ಕೊನೆಗೆ ಗಂಟಲು ಸರಿಮಾಡಿಕೊಂಡು ಕೇಳಿದರು:

"ರತ್ನಮ್ಮಾರೆ, ಈ ಸಲ ನಿಮಗೆ ಲುದ್ಯಮ್ಮನ ಪಾತ್ರ ಅಂದ್ಕೊಂಡೀವಿ. ಆ ಕೆನ್ನೀಲಿ ಬಣ್ಣದ ಬಟ್ಟೆ ವ್ಯಾಪಾರ ಮಾಡ್ತಿದ್ದಾಕೆ. ಆಕೇದು... ಮುಂದೆ ಎಲ್ಲಾದ್ರೂ ಇನ್ನೂ ಐತಾ?"

ಜೀವರತ್ನಮ್ಮ ಮೊರವನ್ನು ಬದಿಗಿಟ್ಟು, ಕೈ ಒರೆಸಿಕೊಂಡಳು.

"ನೀವು ಮೊದಲಿನಿಂದ ಓದ್ಕೊಂಡು ಬರ್ರಿ, ಸಾರ್," ಎಂದಳು. "ದಿನಕ್ಕೆ ಒಂದು ಪುಟ. ಅವಸರ ಇಲ್ಲ."